ನಿಂಬೆ ಮುಟ್ಟಿದ ಬೆರಳು

ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಪಕ್ಕದಲ್ಲಿ ಒಂದು ಸಣ್ಣ ಬಿಳಿ ಗೆರೆಯಿದೆ. ಲಿವರ್ ರೈಫಲ್ ಇಟ್ಟುಕೊಂಡ ಬಹಳ ಜನರ ಕೈಯಲ್ಲಿ ಇಂಥದೊಂದು ಗೆರೆ ನೋಡಿದ್ದೇನೆ. ಈ ಜಾತಿಯ ರೈಫಲಿಗೆ ಗುಂಡು ತುಂಬುವುದು ಅದರ ಬಲ ಮಗ್ಗುಲಲ್ಲಿರುವ ಒಂದು ಕಿಂಡಿಯಿಂದ. ಕಿಂಡಿಗೆ ಸ್ಪ್ರಿಂಗಿನ ಮುಚ್ಚಳ. ಗುಂಡಿನ ಮೂತಿಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿ, ಹೆಬ್ಬೆರಳಿನಿಂದ ಗುಂಡನ್ನು ಪೂರ್ತಿ ತಳ್ಳಬೇಕು. ಬೆರಳು ಹಿಂದೆ ತೆಗೆಯುವಷ್ಟರಲ್ಲಿ ಮುಚ್ಚಳ ತಾನೇ ಬಂದು ಮುಚ್ಚಿಕೊಳ್ಳುತ್ತದೆ. ಹಿಂದಿನ ಕಾಲದ ರೈಫಲುಗಳಲ್ಲಿ ಆ ಮುಚ್ಚಳದ ಅಂಚನ್ನು ಯಾರೋ ಕೂತು ಅರದಿಂದ ತೇದು ನಯ ಮಾಡಿರುತ್ತಿದ್ದರು. ಈಗಿನವು ಯಂತ್ರದಿಂದ ಹೊರಬಿದ್ದ ಹಾಗೆಯೇ ಡಬ್ಬಿ ಸೇರುತ್ತವೆ. ನನ್ನದು ಮೊದಲ ದಿನವೇ ಬೆರಳು ಕುಯ್ಯಿತು.

ನಾನು ಲೋಹದ ಕೆಲಸದವಳು. ಉಕ್ಕು ಹೇಗೆ ಸವೆಯುತ್ತದೆ ಎಂಬುದರ ಮೇಲೆ ಪಿಎಚ್‌ಡಿ ಮಾಡಲು ಹಿರೋಷಿಮಾಕ್ಕೆ ಬಂದವಳು, ಮುಗಿದ ಮೇಲೆ ಕಾರಿನ ಬಿಡಿಭಾಗ ಮಾಡುವ ಕಂಪನಿಯೊಂದರ ಪ್ರಯೋಗಾಲಯ ಸೇರಿ ಇಲ್ಲೇ ಉಳಿದೆ. ಅಪ್ಪ ಬೆಂಗಳೂರಿನ ಪೀಣ್ಯದಲ್ಲಿ ಲೇತ್ ಆಪರೇಟರ್. ಸ್ಟೀಲ್ ತಟ್ಟೆ ಕೊಳ್ಳುವಾಗಲೂ ಅಂಚಿನ ಮೇಲೆ ಬೆರಳಾಡಿಸಿ ನೋಡುತ್ತಿದ್ದರು. ಕೆಟ್ಟ ಕೆಲಸ ಕಂಡರೆ ಮೈ ಉರಿಯುವ ಗುಣ ಅವರಿಂದಲೇ ನನಗೆ ಬಂದಿದೆ. ನನ್ನ ಗಂಡ ಇದನ್ನು ಗುಣ ಎನ್ನುವುದಿಲ್ಲ, ಕಾಯಿಲೆ ಎನ್ನುತ್ತಾನೆ.

ವಿದ್ಯಾರ್ಥಿಯಾಗಿದ್ದಾಗ ಸಹಪಾಠಿಯೊಬ್ಬಳ ಜೊತೆ ಒಮ್ಮೆ ಶೂಟಿಂಗ್ ಮೈದಾನಕ್ಕೆ ಹೋಗಿದ್ದೆ. ಹಾರುವ ಮಣ್ಣಿನ ಬಿಲ್ಲೆಗೆ ಅವಳು ಗುಂಡು ಹೊಡೆಯುವುದನ್ನು ನೋಡಿ ಬಂದವಳು ಮುಂದೆ ನಾನೂ ಒಂದು ಶಾಟ್‌ಗನ್ನಿಗೆ ಲೈಸೆನ್ಸ್ ಪಡೆದೆ. ಆಮೇಲೆ ದ್ವೀಪಗಳ ಕಿತ್ತಳೆ, ನಿಂಬೆ ತೋಟಗಳಿಗೆ ನುಗ್ಗುವ ಕಾಡುಹಂದಿಗಳನ್ನು ಹೊಡೆಯುವ ತಂಡ ಸೇರಿದೆ. ತಂಡದಲ್ಲಿ ನಾನೊಬ್ಬಳೇ ಹೆಂಗಸು, ನಾನೊಬ್ಬಳೇ ಪರದೇಶಿ. ಉಳಿದವರೆಲ್ಲ ನನ್ನ ಅಪ್ಪನ ವಯಸ್ಸಿನವರು.

ಜಪಾನಿನಲ್ಲಿ ರೈಫಲ್ ಬೇಕೆಂದರೆ ಹತ್ತು ವರ್ಷ ಒಂದೂ ತಪ್ಪಿಲ್ಲದೆ ಶಾಟ್‌ಗನ್ ಇಟ್ಟುಕೊಂಡಿರಬೇಕು. ಅರ್ಜಿ ಹಾಕಿದಾಗಲೆಲ್ಲ ಪೊಲೀಸರು ಮನೆಗೆ ಬರುತ್ತಾರೆ, ಅಕ್ಕಪಕ್ಕದವರನ್ನು ಕೇಳುತ್ತಾರೆ, ಗಂಡನನ್ನು ಬೇರೆ ಕೂರಿಸಿ ಕೇಳುತ್ತಾರೆ. "ನಿಮ್ಮ ಹೆಂಡತಿಗೆ ಸಿಟ್ಟು ಬರುತ್ತದೆಯೇ?" ಎಂದು ಕೇಳಿದ್ದಕ್ಕೆ ನನ್ನವನು, "ಬರುತ್ತೆ. ಆದರೆ ಮನುಷ್ಯರ ಮೇಲೆ ಕಡಿಮೆ, ಪಾತ್ರೆ ಪಗಡೆ ಮೇಲೆ ಜಾಸ್ತಿ" ಎಂದಿದ್ದನಂತೆ. ಪೊಲೀಸಿನವನು ಅದನ್ನೂ ಬರೆದುಕೊಂಡು ಹೋದ.

ಎಲ್ಲಕ್ಕಿಂತ ದೊಡ್ಡ ನಿಯಮ ಇದು: ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರ ಹೊರತು ಇನ್ಯಾರೂ ಬಂದೂಕನ್ನು ಮುಟ್ಟಬಾರದು. ಗಂಡ ಧೂಳು ಒರೆಸುವ ಹಾಗಿಲ್ಲ. ಕಬ್ಬಿಣದ ಕಪಾಟಿನ ಬೀಗದ ಕೈ ಎಲ್ಲಿದೆ ಎಂಬುದೂ ಮನೆಯವರಿಗೆ ಗೊತ್ತಿರಬಾರದು. ಇದರಲ್ಲಿ ತಪ್ಪಿದರೆ ಲೈಸೆನ್ಸ್ ಹೋಗುತ್ತದೆ. ಮತ್ತೆ ಬೇಕೆಂದರೆ ಮೊದಲಿನಿಂದ ಆ ಹತ್ತು ವರ್ಷ ಕಾಯಬೇಕು.

ನನ್ನ ಹತ್ತು ವರ್ಷ ತುಂಬಿದ್ದು ಕೊರೊನಾ ಬಂದ ವರ್ಷ. ಊರೆಲ್ಲ ಬಾಗಿಲು ಹಾಕಿಕೊಂಡು ಕೂತಿರುವಾಗ ನನ್ನ ರೈಫಲ್ ಬಂತು. ಬೋಲ್ಟ್ ರೈಫಲ್ ಕೊಳ್ಳಿ, ನೆಟ್ಟಗೆ ಹೊಡೆಯುತ್ತೆ ಎಂದು ತಂಡದವರು ಹೇಳಿದ್ದರು. ನಾನು ಕೇಳಲಿಲ್ಲ. ಲಿವರ್ ರೈಫಲ್ ತೆಳ್ಳಗಿರುತ್ತದೆ, ನಡುವಿನಲ್ಲಿ ಒಂದೇ ಕೈಯಿಂದ ಹಿಡಿದು ಮೆಟ್ಟಿಲು ಮೆಟ್ಟಿಲಾದ ತೋಟಗಳನ್ನು ಹತ್ತಬಹುದು, ನನ್ನಂಥ ಕುಳ್ಳಿಯ ಭುಜಕ್ಕೂ ಹೊಂದುತ್ತದೆ. ಕೈಯೊಳಗಿನ ಲಿವರನ್ನು ಕೆಳಕ್ಕೂ ಮೇಲಕ್ಕೂ ಆಡಿಸಿದರೆ ಗುಂಡಿನ ಖಾಲಿ ಕವಚ ಹೊರಗೆ, ಹೊಸ ಗುಂಡು ಒಳಗೆ. ಕಣ್ಣೆದುರಿಗೇ ನಡೆಯುವ ಆ ಕೆಲಸ ನನಗೆ ಇಷ್ಟ.

ಇಷ್ಟವೆಲ್ಲ ಡಬ್ಬಿ ತೆರೆಯುವ ತನಕ. ಲಿವರ್ ಆಡಿಸಿದರೆ ಒಳಗೆ ಮರಳು ಸಿಕ್ಕಿದ ಹಾಗೆ ಕರಕರ. ಮರ ಮತ್ತು ಕಬ್ಬಿಣ ಸೇರುವ ಕಡೆ ಉಗುರು ತೂರುವಷ್ಟು ಸಂದು. ಮೈದಾನ ತೆರೆದಿದ್ದ ಒಂದು ದಿನ, ಇಪ್ಪತ್ತು ಗುಂಡು ಹೊಡೆಯುವಷ್ಟರಲ್ಲಿ ಒಂದು ಸ್ಕ್ರೂ ಸಡಿಲ. ಈ ರೈಫಲ್ ಇಟ್ಟುಕೊಂಡವರು ಹತ್ತು ಹದಿನೈದು ಮಂದಿ ಸೇರಿ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದರು, ನಾನೂ ಸೇರಿದೆ. ಮೈದಾನಗಳು ಮುಚ್ಚಿದ್ದ ಆ ತಿಂಗಳುಗಳಲ್ಲಿ ಅಲ್ಲಿ ದೂರುಗಳದೇ ಜಾತ್ರೆ. ಒಬ್ಬನಿಗೆ ಗುರಿ ನೋಡುವ ಮೊನೆ ಓರೆ, ಇನ್ನೊಬ್ಬನಿಗೆ ಗುಂಡು ಸಿಕ್ಕಿಹಾಕಿಕೊಳ್ಳುತ್ತದೆ. ಸಿಕ್ಕಿಹಾಕಿಕೊಳ್ಳುವುದು ಬಹಳ ಸಲ ರೈಫಲಿನ ತಪ್ಪಲ್ಲ, ಕೈಯ ತಪ್ಪು. ಹೊಸದು ಹಾಳಾದೀತು ಎಂದು ಹೆದರಿ ಲಿವರನ್ನು ಅರ್ಧಕ್ಕೇ ನಿಲ್ಲಿಸಿದರೆ ಗುಂಡು ನಡುದಾರಿಯಲ್ಲಿ ನಿಲ್ಲುತ್ತದೆ. ನಾನು ಉಕ್ಕಿನ ಡಾಕ್ಟರು ಎಂದು ಗೊತ್ತಾದ ಮೇಲೆ ಗುಂಪಿನಲ್ಲಿ ನನ್ನ ಮಾತಿಗೆ ತೂಕ ಬಂತು. ನಾನು ಯಾವುದನ್ನು ಕೆಟ್ಟ ಕೆಲಸ ಎಂದೆನೋ ಅದು ಕೆಟ್ಟ ಕೆಲಸ. ಹಾಗೆ ತೀರ್ಪು ಕೊಡುವುದರಲ್ಲಿ ನನಗೆ ಸುಖವಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ರೈಫಲನ್ನು ಸರಿ ಮಾಡಿಕೊಟ್ಟವರು ಬಂದೂಕಿನ ಅಂಗಡಿಯ ಯಜಮಾನರು. ಅಂಗಡಿ ಯಜಮಾನರನ್ನು ಇಲ್ಲಿ ತೆಂಚೋ ಎನ್ನುತ್ತಾರೆ, ನಾನು ಗೌರವದ ಸಾನ್ ಸೇರಿಸಿ ತೆಂಚೋ-ಸಾನ್ ಎನ್ನುತ್ತಿದ್ದೆ. ಎಪ್ಪತ್ತಾರು ವರ್ಷ, ತೆಳ್ಳನೆ ಆಳು, ಮಾತು ಅಳೆದು ಅಳೆದು. ಮೂರು ವಾರ ಇಟ್ಟುಕೊಂಡು ಒಳಗಿನ ಒಂದೊಂದು ಭಾಗವನ್ನೂ ಕಲ್ಲಿನಲ್ಲಿ ಉಜ್ಜಿದರು. ಮರವನ್ನು ಕೂರಿಸಿದರು. ಕಾರ್ಖಾನೆಯವರು ಕೊಟ್ಟ ಕಪ್ಪು ಲೇಪ ತೆಳುವಾಗಿದೆಯೆಂದು ಅದನ್ನು ತೆಗೆದು ತಾವೇ ಹೊಸದಾಗಿ ಕಪ್ಪು ಕಟ್ಟಿದರು. ಕೊನೆಗೆ ನನ್ನನ್ನು ಕರೆಸಿ, "ಹೆಬ್ಬೆರಳು ತೋರಿಸಿ" ಎಂದರು. ತೋರಿಸಿದೆ. ಕುಯ್ದ ಗಾಯ ಇನ್ನೂ ಇತ್ತು. ಬೆರಳಿಗೆ ಕಾಗದ ಸುತ್ತಿ ಅಳತೆ ತೆಗೆದುಕೊಂಡು, ಒಂದಿಡೀ ಮಧ್ಯಾಹ್ನ ಆ ಮುಚ್ಚಳದ ಅಂಚಿಗೆ ಅರ ಹಾಕಿದರು. ಆಮೇಲೆ ಗುಂಡು ತುಂಬಿದರೆ ಬೆರಳಿಗೆ ಕಬ್ಬಿಣ ತಾಗಿದ್ದೇ ತಿಳಿಯುತ್ತಿರಲಿಲ್ಲ. ಅಂಥ ಕೆಲಸವನ್ನು ನಾನು ಅಪ್ಪನ ಕೈಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಆ ವರ್ಷ ಗಂಡ ಮನೆಯಲ್ಲೇ ಇದ್ದ. ಅವನ ಆಫೀಸು ಟೋಕಿಯೊದ ಶಿನಾಗಾವಾದಲ್ಲಿ. ಮೊದಲು ಶುಕ್ರವಾರ ಸಂಜೆ ಬಂದು ಭಾನುವಾರ ಹೋಗುತ್ತಿದ್ದವನು ಈಗ ಊಟದ ಮೇಜಿನ ಮೇಲೇ ಲ್ಯಾಪ್‌ಟಾಪ್ ಇಟ್ಟು ದಿನವೆಲ್ಲ ಕೂರುತ್ತಿದ್ದ. ಮಗಳಿಗೆ ಏಳು ವರ್ಷ. ಮನೆ ತುಂಬಿದ್ದರಿಂದ ಹಬ್ಬಗಳೂ ಬಂದವು. ಆಯುಧಪೂಜೆಯ ದಿನ ಅಪ್ಪ ವಿಡಿಯೊ ಕರೆ ಮಾಡಿದರು. ಅವರ ಕಾರ್ಖಾನೆ ಇನ್ನೂ ತೆರೆದಿರಲಿಲ್ಲ. ನಲವತ್ತು ವರ್ಷದಲ್ಲಿ ಲೇತಿಗೆ ಪೂಜೆ ಮಾಡದೆ ಕಳೆದ ಮೊದಲ ವರ್ಷ ಅದು.

"ನಿನ್ನ ಹತ್ರ ಏನೋ ಕೋವಿ ಇದ್ಯಂತಲ್ಲಮ್ಮ, ಅದಕ್ಕಾದ್ರೂ ಮಾಡು. ಕಣ್ಣಿಗೆ ಒಂದಿಷ್ಟು ಕಬ್ಬಿಣ ಕಾಣ್ಲಿ" ಎಂದರು.

ಗಂಡ ಬೀದಿ ತುದಿಯ ಕೊಂಬಿನಿ ಅಂಗಡಿಗೆ ಹಾಲು ತರಲು ಹೋಗಿದ್ದ. ನಾನು ಕಪಾಟು ತೆರೆದು ರೈಫಲ್ ತಂದು, ಬಿಳಿ ಪಂಚೆ ಹಾಸಿ ನೆಲದ ಮೇಲೆ ಮಲಗಿಸಿದೆ. ಬೂದುಗುಂಬಳಕಾಯಿ ಸಿಕ್ಕಿರಲಿಲ್ಲ. ಹಿರೋಷಿಮಾದಲ್ಲಿ ನಿಂಬೆಗೆ ಬರವಿಲ್ಲ, ದ್ವೀಪದ ಹಸಿರು ನಿಂಬೆ ಮೂರು ಇದ್ದವು. ಕುಯ್ದು ಕುಂಕುಮ ತುಂಬುವ ಕೆಲಸವನ್ನು ಮಗಳು ಮಾಡಿದಳು. ಕೈಯೆಲ್ಲ ರಸ.

"ಅಮ್ಮಾ, ಕುಂಕುಮ ಕ್ಯಾನ್ ಐ ಡೂ? ಒನೆಗಾಯ್" ಎಂದಳು. ದಮ್ಮಯ್ಯ ಎನ್ನುವ ಜಾಗದಲ್ಲಿ ಅವಳಿಗೆ ಬರುವ ಮಾತು ಅದು.

ಅಪ್ಪ ಫೋನಿನೊಳಗಿಂದ, "ಹಚ್ಲಿ ಬಿಡು, ಹೆಣ್ಮಗು" ಎಂದರು.

ನಾನು ಬೇಡ ಎನ್ನಬೇಕಿತ್ತು. ಹತ್ತು ವರ್ಷ, ಲೈಸೆನ್ಸಿಗಾಗಿ ಪೊಲೀಸರು ನಡೆಸುವ ಪ್ರತಿ ಉಪನ್ಯಾಸದಲ್ಲೂ ಕೇಳಿದ್ದ ನಿಯಮ ಅದು. ಆದರೆ ಆ ಕ್ಷಣ ನನ್ನ ಕಣ್ಣಿಗೆ ಅದು ಬಂದೂಕಾಗಿ ಕಾಣಲಿಲ್ಲ, ಅಪ್ಪನ ಲೇತಿನ ಹಾಗೆ ಕಂಡಿತು. ಮಗಳು ಬೆರಳನ್ನು ಕುಂಕುಮಕ್ಕೆ ಅದ್ದಿ ರೈಫಲಿನ ಎಡ ಮಗ್ಗುಲಿಗೆ, ಸರಿಯಾಗಿ ಅದರ ನಂಬರು ಕೆತ್ತಿರುವ ಜಾಗದಲ್ಲಿ ಒತ್ತಿದಳು. ಅಪ್ಪ ಕೈ ಮುಗಿದರು. ಪೂಜೆಯ ದಿನ ಕುಂಕುಮ ಅಳಿಸಬಾರದು, ಮರುದಿನ ಒರೆಸಿದರಾಯಿತು ಎಂದು ಹಾಗೆಯೇ ಕಪಾಟಿಗೆ ಸೇರಿಸಿ ಬೀಗ ಹಾಕಿದೆ.

ಮರುದಿನ ಬೆಳಗ್ಗೆ ಪ್ರಯೋಗಾಲಯದಿಂದ ಕರೆ ಬಂತು. ಪಕ್ಕದ ಮೇಜಿನವರಿಗೆ ಕೊರೊನಾ. ನಾನು ಎರಡು ವಾರ ಹೋಟೆಲಿನಲ್ಲಿ ಒಬ್ಬಳೇ ಇರಬೇಕು. ಬೀಗದ ಕೈ ನನ್ನ ಜೊತೆಯೇ ಬಂತು. ನಿಯಮ ಹಾಗಿದ್ದರಿಂದ ಗಂಡನಿಗೆ ಫೋನು ಮಾಡಿ ಒರೆಸು ಎನ್ನುವ ಹಾಗೂ ಇರಲಿಲ್ಲ. ವಾಪಸು ಬಂದ ವಾರವೇ ತಂಡದವರು ಆ ಚಳಿಗಾಲದ ಬೇಟೆ ರದ್ದು ಎಂದರು, ಎಲ್ಲರೂ ವಯಸ್ಸಾದವರಲ್ಲವೇ. ಹತ್ತು ವರ್ಷ ಕಾದು ಕೊಂಡದ್ದನ್ನು ಒಂದು ಸಲವೂ ಬೆಟ್ಟಕ್ಕೆ ಒಯ್ಯಲಾಗಲಿಲ್ಲ ಎಂಬ ಸಿಟ್ಟಿಗೆ ನಾನು ಕಪಾಟು ತೆರೆಯುವುದನ್ನೇ ಬಿಟ್ಟೆ. ತಿಂಗಳಿಗೊಮ್ಮೆ ಎಣ್ಣೆ ಹಾಕಬೇಕೆಂದು ಗುಂಪಿನಲ್ಲಿ ಎಲ್ಲರಿಗೂ ಪಾಠ ಹೇಳುತ್ತಿದ್ದವಳು ನಾನೇ.

ವಸಂತದಲ್ಲಿ ಠಾಣೆಯಲ್ಲಿ ವಾರ್ಷಿಕ ತಪಾಸಣೆ. ಅಂದು ಬೆಳಗ್ಗೆ ತೆರೆದು ನೋಡಿದರೆ ಕುಂಕುಮವಿದ್ದ ಜಾಗದಲ್ಲಿ ಬೆರಳಗಲದ ಕೆಂಪು ತುಕ್ಕು. ನಿಂಬೆಯ ಹುಳಿ ಕಪ್ಪು ಲೇಪವನ್ನು ತಿಂದು, ಕುಂಕುಮ ತೇವವನ್ನು ಹಿಡಿದಿಟ್ಟುಕೊಂಡು, ಕಬ್ಬಿಣವನ್ನೂ ತಿಂದಿತ್ತು. ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳಿಕೊಡುವ ಮೊದಲ ಪಾಠ ಅದು. ಎಣ್ಣೆ ಬಟ್ಟೆಯಿಂದ ಉಜ್ಜಿದೆ. ಕೆತ್ತಿದ ಅಂಕೆಗಳ ಒಳಗಿನ ಕೆಂಪು ಹೋಗಲಿಲ್ಲ.

ಠಾಣೆಯಲ್ಲಿ ಪ್ಲಾಸ್ಟಿಕ್ ಪರದೆಯ ಆಚೆ, ಮಾಸ್ಕ್ ಹಾಕಿದ ಅಧಿಕಾರಿ ಲೈಸೆನ್ಸ್ ಪುಸ್ತಕವನ್ನೂ ರೈಫಲನ್ನೂ ಪಕ್ಕಪಕ್ಕ ಇಟ್ಟು ನೋಡಿದ.

"ಈ ಅಂಕೆ ಮೂರೋ ಎಂಟೋ ಗೊತ್ತಾಗುತ್ತಿಲ್ಲ. ಈ ಕೆಂಪು ಏನು?" ಎಂದ.

ಪೂಜೆ ಎಂದರೆ, ಯಾರು ಹಚ್ಚಿದರು ಎಂದು ಕೇಳುತ್ತಾನೆ. ನಾನೇ ಎನ್ನಬಹುದಿತ್ತು. ಆದರೆ ಮುಂದಿನ ಪ್ರಶ್ನೆ, ಮನೆಯಲ್ಲಿ ಆಗ ಯಾರಿದ್ದರು ಎಂಬುದು. ಇವರು ಮನೆಗೆ ಬರುತ್ತಾರೆ, ಮಗಳನ್ನು ಕೇಳುತ್ತಾರೆ, ಅವಳು ಹೆಮ್ಮೆಯಿಂದ ಹೇಳುತ್ತಾಳೆ. ಇಷ್ಟನ್ನೆಲ್ಲ ಒಂದು ಉಸಿರಿನಲ್ಲಿ ಯೋಚಿಸಿದೆ. ಬಾಯಿಗೆ ಬಂದದ್ದು ವರ್ಷವಿಡೀ ಗುಂಪಿನಲ್ಲಿ ಆಡಿ ಆಡಿ ರೂಢಿಯಾದ ಮಾತು.

"ತುಕ್ಕು. ಲೇಪ ಸರಿಯಾಗಿ ಕೂತಿಲ್ಲ" ಎಂದೆ.

"ಲೇಪ ಮಾಡಿದ್ದು ಕಾರ್ಖಾನೆಯವರೇ?"

"ಇಲ್ಲ. ಅಂಗಡಿಯವರು."

ಅಂಕೆಯನ್ನು ಸ್ಪಷ್ಟ ಮಾಡಿಸಿ, ಕಾರಣವನ್ನು ಅಂಗಡಿಯವರಿಂದಲೇ ಬರೆಸಿಕೊಂಡು ಬನ್ನಿ ಎಂದು ಅವನು ಕಳಿಸಿದ.

ತೆಂಚೋ-ಸಾನ್ ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಬಹಳ ಹೊತ್ತು ಆ ಜಾಗವನ್ನು ನೋಡಿದರು. ಹತ್ತಿ ಸುತ್ತಿದ ಕಡ್ಡಿಯಿಂದ ಅಂಕೆಯ ಒಳಗನ್ನು ಒರೆಸಿ, ಹತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು. ನಾನು ಮಾಸ್ಕಿನೊಳಗೆ ಬೆವರುತ್ತಿದ್ದೆ. ಅವರು ಕಾಗದ ತೆಗೆದು, "ಲೇಪದ ಕೆಲಸದಲ್ಲಿ ಕೊರತೆ. ಜವಾಬ್ದಾರಿ ನಮ್ಮದು" ಎಂದು ಬರೆದು ಮೊಹರು ಒತ್ತಿ, ಎದ್ದು ನಿಂತು ನನಗೆ ತಲೆ ಬಾಗಿಸಿದರು. ನಾನೂ ಬಾಗಿಸಿದೆ. ಆ ಘಳಿಗೆಯಲ್ಲಿ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಆದರೂ ಕಾಗದ ತೆಗೆದುಕೊಂಡೆ.

ನನ್ನ ರೈಫಲ್ ಮತ್ತೆ ಅಂಗಡಿಯಲ್ಲಿರುವುದನ್ನು ಗುಂಪಿನ ಒಬ್ಬರು ನೋಡಿದ್ದರು. ಏನಾಯಿತು ಎಂದು ಕೇಳಿದರು. ಲೇಪದ ತೊಂದರೆ ಎಂದು ಬರೆದೆ. ಉಕ್ಕಿನ ಡಾಕ್ಟರು ಹೇಳಿದ ಮೇಲೆ ಇನ್ನೇನು. ಒಬ್ಬರು, ಅವರಿಗೂ ವಯಸ್ಸಾಯಿತಲ್ಲ ಎಂದರು. ಇನ್ನೊಬ್ಬರು, ನನ್ನದನ್ನೂ ಅವರೇ ಮಾಡಿದ್ದು, ಒಮ್ಮೆ ಬೇರೆ ಕಡೆ ತೋರಿಸಬೇಕು ಎಂದರು. ನಾನು ಅದಕ್ಕೆ ಏನೂ ಬರೆಯಲಿಲ್ಲ. ಮಳೆಗಾಲ ಮುಗಿದ ಮೇಲೆ ಎಣ್ಣೆ ಕೊಳ್ಳಲು ಅಂಗಡಿಗೆ ಹೋದಾಗ, ದುರಸ್ತಿಗೆ ಬಂದ ಬಂದೂಕುಗಳನ್ನು ನಿಲ್ಲಿಸುವ ಸ್ಟ್ಯಾಂಡಿನಲ್ಲಿ ಎರಡೇ ಇದ್ದವು. ಮೊದಲು ಅಲ್ಲಿ ಜಾಗ ಸಾಲದೆ ಗೋಡೆಗೆ ಒರಗಿಸಿರುತ್ತಿದ್ದರು. ತೆಂಚೋ-ಸಾನ್ ಕೆಲಸವಿಲ್ಲದೆ ಅರಗಳನ್ನು ಒಂದೊಂದಾಗಿ ಬ್ರಷ್ಷಿನಿಂದ ಉಜ್ಜುತ್ತ ಕೂತಿದ್ದರು.

"ಈಗ ತುಕ್ಕು ಬಂದಿಲ್ಲವಷ್ಟೆ?" ಎಂದು ಕೇಳಿದರು.

"ಇಲ್ಲ" ಎಂದೆ.

ಶರತ್ಕಾಲ ಬಂತು, ನವರಾತ್ರಿಯೂ ಬಂತು. ಒಂದು ದಿನ ಶಾಲೆಯಿಂದ ಬಂದ ಮಗಳು ಚೀಲ ಇಳಿಸುತ್ತ, "ಅಮ್ಮಾ, ದಿಸ್ ಇಯರ್ ಆಲ್ಸೊ ನಾನೇ ಕುಂಕುಮ, ಓಕೆ? ಲಾಸ್ಟ್ ಟೈಮ್ ಚೆನ್ನಾಗಿ ಮಾಡ್ದೆ ಅಲ್ವಾ?" ಎಂದಳು.

"ತುಂಬ ಚೆನ್ನಾಗಿ ಮಾಡ್ದೆ ಪುಟ್ಟಿ" ಎಂದೆ. ಹೇಳಿದ ಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅವಳಿಗೆ ಮುಂದೆ ಎಂದಾದರೂ ಈ ಕಥೆ ಗೊತ್ತಾದರೆ, ತನ್ನ ಬೆರಳನ್ನು ಮುಚ್ಚಲು ಅಮ್ಮ ಒಬ್ಬ ಮುದುಕರ ಕೈಯನ್ನು ಕೆಟ್ಟದ್ದು ಎಂದಳು ಎಂದೇ ಗೊತ್ತಾಗುವುದು. ನನ್ನ ಅಪ್ಪನ ಕೈಯ ಬಗ್ಗೆ ಯಾರಾದರೂ ಹಾಗೆಂದಿದ್ದರೆ ನಾನು ಅವರ ಮುಖ ನೋಡುತ್ತಿರಲಿಲ್ಲ.

ಗಂಡನಿಗೆ ಎಲ್ಲ ಹೇಳಿ, ಠಾಣೆಗೆ ಹೋಗಿ ಒಪ್ಪಿಕೊಳ್ಳುತ್ತೇನೆ ಎಂದೆ. ಲ್ಯಾಪ್‌ಟಾಪ್ ಮುಚ್ಚಿ ಪೂರ್ತಿ ಕೇಳಿದ.

"ಹತ್ತು ವರ್ಷ ಕಣೇ. ಯೋಚ್ನೆ ಮಾಡು. ವೀಸಾಗೆ ಏನಾದ್ರೂ ಪ್ರಾಬ್ಲಮ್ ಆದ್ರೆ?"

"ಆದ್ರೆ ನೋಡ್ಕೊಳ್ಳೋಣ."

"ಹಾಗಾದ್ರೆ ನಾನೂ ಬರ್ತೀನಿ, ನಡಿ" ಎಂದ. ಆದರೆ ನಾನು ಒಬ್ಬಳೇ ಹೋದೆ.

ಅದೇ ಅಧಿಕಾರಿ. ನಿಂಬೆ, ಕುಂಕುಮ, ಮಗಳ ಬೆರಳು, ಎಲ್ಲವನ್ನೂ ಹೇಳಿದೆ. ಅವನಿಗೆ ಕುಂಕುಮ ಎಂದರೇನು ಎಂದು ವಿವರಿಸಲು ಬಹಳ ಹೊತ್ತಾಯಿತು. ಬರೆದುಕೊಂಡು ಪೆನ್ನು ಕೆಳಗಿಟ್ಟ.

"ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ" ಎಂದ.

"ಅಂಗಡಿಯವರ ಹೆಸರು ಕೆಟ್ಟಿದೆ" ಎಂದೆ.

ಮತ್ತೆ ಮತ್ತೆ ಕರೆಸಿದರು, ಮನೆಗೂ ಬಂದರು. ವೀಸಾಕ್ಕೆ ಏನೂ ಆಗಲಿಲ್ಲ. ಲೈಸೆನ್ಸ್ ಹೋಯಿತು, ಹಳೆಯ ಶಾಟ್‌ಗನ್ನಿನದೂ ಸೇರಿ. ಗುಂಪಿನಲ್ಲಿ ನಡೆದದ್ದನ್ನೆಲ್ಲ ಬರೆದು, ತೆಂಚೋ-ಸಾನ್ ಕೆಲಸದಲ್ಲಿ ಕೊರತೆ ಇರಲಿಲ್ಲ, ಕೊರತೆ ನನ್ನದು ಎಂದು ಸೇರಿಸಿದೆ. ಆಮೇಲೆ ಒಬ್ಬರು, ನನ್ನದನ್ನು ನಾಳೆ ಅವರ ಅಂಗಡಿಗೇ ಒಯ್ಯುತ್ತೇನೆ ಎಂದು ಬರೆದರು. ನಾನು ಗುಂಪು ಬಿಟ್ಟೆ. ಅಪ್ಪನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ: "ಹುಳಿ ಕೈಲಿ ಕಬ್ಬಿಣ ಮುಟ್ಟಬಾರ್ದು ಅಂತ ನಿಂಗೆ ನಾನು ಹೇಳ್ಕೊಟ್ಟಿರ್ಲಿಲ್ವೇನಮ್ಮ?" ಹೇಳಿಕೊಟ್ಟಿದ್ದರು.

ಠಾಣೆಯಿಂದ ರೈಫಲನ್ನು ತೆಂಚೋ-ಸಾನ್ ತಮ್ಮ ವಶಕ್ಕೆ ತೆಗೆದುಕೊಂಡರು, ಮಾರಿಕೊಡುವುದು ಅವರ ಕೆಲಸ. ಕಾಗದಕ್ಕೆ ಸಹಿ ಬೇಕೆಂದು ಕರೆದಾಗ ಹೋದೆ. ರೈಫಲ್ ಮೇಜಿನ ಮೇಲೆ, ಹಸಿರು ಬಟ್ಟೆಯ ಮೇಲೆ ಇತ್ತು. ಅದನ್ನು ಮುಟ್ಟುವ ಹಕ್ಕು ನನಗೆ ಈಗ ಇರಲಿಲ್ಲ. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಸುಮಿಮಾಸೆನ್, ಕ್ಷಮಿಸಿ, ಎಂದೆ. ಆ ಒಂದು ಮಾತನ್ನು ಎಷ್ಟು ಸಲ ಹೇಳಿದೆನೋ ಗೊತ್ತಿಲ್ಲ.

"ಆವತ್ತೇ ಗೊತ್ತಿತ್ತು" ಎಂದರು ಅವರು.

ನಾನು ತಲೆ ಎತ್ತಿದೆ.

"ಲೇಪ ಹೋದ ಜಾಗದಲ್ಲಿ ಬೆರಳಿನ ಆಕಾರ ಕಾಣುತ್ತಿತ್ತು. ಸಣ್ಣ ಬೆರಳು. ನಿಮ್ಮದಲ್ಲ. ನಿಮ್ಮ ಬೆರಳಿನ ಅಳತೆ ನನ್ನ ಹತ್ತಿರ ಇದೆಯಲ್ಲ."

"ಹಾಗಾದರೆ ಯಾಕೆ ಬರೆದುಕೊಟ್ಟಿರಿ?"

"ಮಗುವಿನ ಬೆರಳು" ಎಂದರು, ಅದೇ ಉತ್ತರ ಎಂಬಂತೆ. ಆಮೇಲೆ ರೈಫಲನ್ನು ಕೈಗೆತ್ತಿಕೊಂಡು, ಖಾಲಿಯಿದೆಯೆಂದು ನೋಡಿ, ಲಿವರನ್ನು ಕೆಳಕ್ಕೂ ಮೇಲಕ್ಕೂ ಒಮ್ಮೆ ಪೂರ್ತಿ ಆಡಿಸಿದರು. ಕರಕರ ಇರಲಿಲ್ಲ. ನನಗೆ ಕೇಳಿಸಲೆಂದೇ ಇನ್ನೊಮ್ಮೆ ಆಡಿಸಿದರು.

"ಇದನ್ನು ಮಾರುವುದಿಲ್ಲ. ಈ ಮುಚ್ಚಳದ ಅಂಚು ಬೇರೆಯವರ ಬೆರಳಿಗೆ ಹೊಂದುವುದಿಲ್ಲ. ಅಂಗಡಿಯ ಕಪಾಟಿನಲ್ಲಿ ಇಟ್ಟಿರುತ್ತೇನೆ."

"ಹತ್ತು ವರ್ಷ ಬೇಕು" ಎಂದೆ.

ಅವರು ತಮ್ಮ ವಯಸ್ಸಿಗೆ ಹತ್ತು ಕೂಡಿಸುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ನಾನೂ ಕೂಡಿಸಿದೆ. ಮಾಸ್ಕ್ ಒದ್ದೆಯಾಯಿತು.

"ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತೇನೆ" ಎಂದು ಹೇಳಿ, ಅವರು ನನ್ನ ಸಹಿಗಾಗಿ ಕಾಗದವನ್ನು ಮುಂದೆ ಸರಿಸಿದರು.